ಗುರುಮನೆಯ ಜಗಲಿ ಹೇಳುವ ಚರಿತ್ರೆ

ನಿಮ್ಮ ಮನೆಯ ಕಪಾಟಿನಲ್ಲಿ ನಿಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಸ್ಮರಣ ಸಂಚಿಕೆಯೊಂದು ಇರಬಹುದು. ಅದನ್ನು ಒಮ್ಮೆ ತೆರೆದು ನೋಡಿರಿ. ದೇವಾಲಯದ ಅಡಿಗಲ್ಲು ಇಟ್ಟ ದಿನ, ಅದನ್ನು ಆಶೀರ್ವದಿಸಿದ ಧರ್ಮಾಧ್ಯಕ್ಷರ ಹೆಸರು, ಸೇವೆ ಸಲ್ಲಿಸಿದ ಗುರುಗಳ ಪಟ್ಟಿ, ಗಂಟೆಗೋಪುರಕ್ಕೆ ದಾನವಿತ್ತವರ ಯಾದಿ, ಎಲ್ಲವೂ ಅಲ್ಲಿ ಅಚ್ಚುಕಟ್ಟಾಗಿ ದಾಖಲಾಗಿರುತ್ತವೆ. ಆದರೆ ಆ ಗುರುಗಳು ವಾಸಿಸುತ್ತಿದ್ದ ಮನೆಯ ಕುರಿತು ಒಂದು ಪುಟವಾದರೂ ಇದೆಯೇ? ಬಹುಪಾಲು ಸಂಚಿಕೆಗಳಲ್ಲಿ ಇರುವುದಿಲ್ಲ. ‘ಹಳೆಯ ಗುರುಮನೆಯನ್ನು ಕೆಡವಿ ಹೊಸದನ್ನು ಕಟ್ಟಲಾಯಿತು’ ಎಂಬ ಒಂದೇ ವಾಕ್ಯದಲ್ಲಿ ನೂರಾರು ವರ್ಷಗಳ ಬಾಳುವೆ ಮುಗಿದುಹೋಗಿರುತ್ತದೆ.

ಅಂಥ ವಾಕ್ಯವನ್ನು ಬರೆದವರಲ್ಲಿ ನಾನೂ ಒಬ್ಬ. ಆ ಕಥೆಯನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲದಲ್ಲಿ, ಎಂದರೆ 1837ರಿಂದ 1901ರವರೆಗಿನ ಅವಧಿಯಲ್ಲಿ, ನಮ್ಮ ಕರಾವಳಿಯಲ್ಲಿ ಎದ್ದುನಿಂತ ಪಾದ್ರಿಗಳ ಮನೆಗಳನ್ನು ನಿಮ್ಮೊಡನೆ ಸುತ್ತಿ ನೋಡಬೇಕೆಂಬುದು ನನ್ನ ಆಸೆ. ಉಡುಪಿಯ ಹಿರಿಯರು ಇವುಗಳನ್ನು ‘ಪಾದ್ರಿ ಬಂಗ್ಲೆ’ ಎಂದು ಕರೆದರು. ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಇವು ‘ಮಿಶನ್ ಬಂಗಲೆ’ಗಳಾದವು. ನಮ್ಮ ಕಥೋಲಿಕ ಕುಟುಂಬಗಳಿಗೆ ಅವು ಗುರುಮನೆಗಳು.

ವಾಸದ ಕಟ್ಟಳೆ

ಗುರುವಿಗೆ ದೇವಾಲಯದ ಪಕ್ಕದಲ್ಲಿಯೇ ಒಂದು ಮನೆ ಏಕೆ ಬೇಕು? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದೇ ಇಲ್ಲ. ಗುರುಮಠದಲ್ಲಿ ಸಭಾಚರಿತ್ರೆ ಓದುತ್ತಿದ್ದಾಗ ಟ್ರೆಂಟ್ ಮಹಾಸಭೆಯ ವರ್ಷಗಳನ್ನು, 1545ರಿಂದ 1563 ಎಂದು, ನಾವು ಬಾಯಿಪಾಠ ಮಾಡಿದೆವು. ಆ ಮಹಾಸಭೆಯು ಧರ್ಮಾಧ್ಯಕ್ಷರೂ ವಿಚಾರಣಾ ಗುರುಗಳೂ ತಮಗೆ ಒಪ್ಪಿಸಲಾದ ಜನರ ನಡುವೆಯೇ ವಾಸಿಸಬೇಕೆಂದು ವಿಧಿಸಿತು. ಅದಕ್ಕೂ ಮುಂಚೆ ಎಷ್ಟೋ ಗುರುಗಳು ಹಲವು ಧರ್ಮಕೇಂದ್ರಗಳ ಆದಾಯವನ್ನು ಪಡೆಯುತ್ತಾ ಒಂದರಲ್ಲಿಯೂ ನೆಲೆಸದೆ ದೂರದ ಪಟ್ಟಣಗಳಲ್ಲಿ ಇರುತ್ತಿದ್ದರು. ಗುರುಮನೆ ಎಂಬ ಕಟ್ಟಡದ ಬೇರು ಇರುವುದು ಈ ಕಟ್ಟಳೆಯಲ್ಲಿ. ಕುರುಬನು ಮಂದೆಯ ಬಳಿಯಲ್ಲಿ ಮಲಗಬೇಕು ಎಂಬ ಮಾತಿಗೆ ಗೋಡೆ, ಮಾಡು, ಬಾಗಿಲು ಬಂದಾಗ ಅದು ಗುರುಮನೆಯಾಯಿತು.

ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿಯೂ ಇದೇ ರೋಗ, ಇದೇ ಮದ್ದು. 1776ರ ಕಾಯಿದೆಯೊಂದು ಪಾದ್ರಿಗಳಿಗೆ ಮನೆ ಕಟ್ಟಿಕೊಳ್ಳಲು ಸಾಲ ಪಡೆಯುವ ದಾರಿಯನ್ನು ತೆರೆಯಿತು. 1838ರ ಮತ್ತೊಂದು ಕಾಯಿದೆ ಹಲವು ಸಭೆಗಳನ್ನು ಒಬ್ಬನೇ ಹಿಡಿದುಕೊಳ್ಳುವುದಕ್ಕೆ ಕಡಿವಾಣ ಹಾಕಿ, ಸಭೆಯ ಎಲ್ಲೆಯೊಳಗೆ ವಾಸಿಸುವುದನ್ನು ಬಿಗಿಗೊಳಿಸಿತು. ಆ ಬಳಿಕ ಅಲ್ಲಿ ಹಳ್ಳಿ ಹಳ್ಳಿಯಲ್ಲಿ ಹೊಸ ಪಾದ್ರಿ ಮನೆಗಳು ಎದ್ದವು. ದೊಡ್ಡ ದೊಡ್ಡ ವಾಸ್ತುಶಿಲ್ಪಿಗಳು ಆ ಕೆಲಸಕ್ಕೆ ಕೈಹಾಕಿದರು. ವಿಲಿಯಂ ಬಟರ್‌ಫೀಲ್ಡ್ ಎಂಬಾತ 1844–45ರಲ್ಲಿ ಕೋಲ್‌ಪಿಟ್ ಹೀತ್ ಎಂಬ ಊರಿನಲ್ಲಿ ಕಟ್ಟಿದ ಪಾದ್ರಿ ಮನೆಯನ್ನು ಕಟ್ಟಡ ಚರಿತ್ರೆಯವರು ಇಂದಿಗೂ ನೆನೆಯುತ್ತಾರೆ. ಅಲಂಕಾರಕ್ಕಾಗಿ ಏನನ್ನೂ ಅಂಟಿಸದೆ, ಒಳಗಿನ ಕೋಣೆಗಳ ಅಗತ್ಯವೇ ಹೊರಗಿನ ರೂಪವನ್ನು ನಿರ್ಧರಿಸಲಿ ಎಂಬ ವಿಚಾರ ಅಂಥ ಮನೆಗಳಲ್ಲಿ ಬೆಳೆಯಿತು. ಸಾಮಾನ್ಯ ಕುಟುಂಬಗಳ ಮನೆ ಕಟ್ಟುವ ರೀತಿಯನ್ನೂ ಅದು ಬದಲಿಸಿತು.

ಆ ಮನೆಗಳ ನಕ್ಷೆಯಲ್ಲಿ ಒಂದು ಸಂಗತಿ ನನ್ನ ಮನಸ್ಸನ್ನು ಹಿಡಿದಿದೆ. ಅವುಗಳಲ್ಲಿ ಅನೇಕ ಮನೆಗಳಿಗೆ ಎರಡು ಬಾಗಿಲುಗಳು. ಮುಂಬಾಗಿಲು ಪಾದ್ರಿಯ ಕುಟುಂಬಕ್ಕೂ ಅತಿಥಿಗಳಿಗೂ ಮೀಸಲು. ಮಗುವಿನ ದೀಕ್ಷಾಸ್ನಾನ, ಮದುವೆ, ಸಾವು ಎಂದು ಬರುವ ಸಭೆಯ ಜನರಿಗೆ ಪಕ್ಕದಲ್ಲೊಂದು ಸಣ್ಣ ಬಾಗಿಲು; ಅದು ನೇರವಾಗಿ ಪಾದ್ರಿಯ ಓದುವ ಕೋಣೆಗೆ ತೆರೆಯುತ್ತಿತ್ತು. ಬಡವನು ಮನೆಯ ಒಳಾಂಗಣವನ್ನು ಕಾಣದೆಯೇ ಬಂದು ಹೋಗಬಹುದಾಗಿತ್ತು. ಒಂದು ಬಾಗಿಲಿನ ಸ್ಥಾನ ಒಂದು ಸಮಾಜವನ್ನೇ ತೋರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ? ಇದನ್ನು ನೆನಪಿನಲ್ಲಿಟ್ಟುಕೊಂಡು ಈಗ ನಮ್ಮ ಊರಿಗೆ ಬರೋಣ.

ಕರಾವಳಿಗೆ ಬಂದ ಬಂಗಲೆ

ನಮ್ಮ ಕಥೋಲಿಕ ಧರ್ಮಕೇಂದ್ರಗಳ ಹುಟ್ಟು ಹಳೆಯದು. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ದೇವಾಲಯ 1759ರಷ್ಟು ಹಿಂದಕ್ಕೆ ಹೋಗುತ್ತದೆ. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ರಚನೆಯಾದಾಗ ಪ್ರಧಾನಾಲಯವಾದ ಕಲ್ಯಾಣಪುರದ ಮಿಲಾಗ್ರಿಸ್ ಅದಕ್ಕಿಂತಲೂ ಪುರಾತನವಾದುದು. ಆದರೆ 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದಾಗ ಅನೇಕ ದೇವಾಲಯಗಳು ನೆಲಸಮವಾದವು. 1799ರ ಬಳಿಕ ಹಿಂತಿರುಗಿದವರು ಮೊದಲು ತಮ್ಮ ಗುಡಿಸಲುಗಳನ್ನೂ ಅನಂತರ ದೇವಾಲಯವನ್ನೂ ಕಟ್ಟಿಕೊಂಡರು. ಆದುದರಿಂದ ಹಳೆಯ ಗುರುಮನೆ ಎಂದು ನಾವು ಕರೆಯುವುದು, ಹೆಚ್ಚಿನ ಕಡೆಗಳಲ್ಲಿ, ಹತ್ತೊಂಬತ್ತನೆಯ ಶತಮಾನದ ಕಟ್ಟಡವೇ ಆಗಿದೆ. 1878ರ ಕೊನೆಯಲ್ಲಿ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದ ಮೇಲೆ ಶಾಲೆ, ಆಸ್ಪತ್ರೆ, ಗುರುಮಠಗಳ ಕಟ್ಟಡ ಕಾರ್ಯಕ್ಕೆ ಹೊಸ ಬಿರುಸು ಬಂತು.

ಇನ್ನೊಂದು ಧಾರೆ ಸ್ವಿಟ್ಜರ್ಲೆಂಡಿನಿಂದ ಬಂತು. 1833ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸನದನ್ನು ನವೀಕರಿಸಿದಾಗ ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರ್‌ನಲ್ಲಿ, ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರು ತಲಪಿದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದರು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದವರು ಅವರೇ. ಮಂಗಳೂರಿನ ಬಲ್ಮಠದ ಗುಡ್ಡ ಮಿಶನ್ನಿಗೆ ದೊರೆತದ್ದು ಬ್ಲೇರ್ ಎಂಬ ಕಲೆಕ್ಟರರ ಕೊಡುಗೆಯಿಂದ. ತಲಶ್ಶೇರಿಯ ಇಲ್ಲಿಕುನ್ನಿನಲ್ಲಿ ಹರ್ಮನ್ ಗುಂಡರ್ಟ್ ದಂಪತಿಗಳು 1839ರಿಂದ ನೆಲೆಸಿದ ಬಂಗಲೆಯೂ ಒಬ್ಬ ಇಂಗ್ಲಿಷ್ ನ್ಯಾಯಾಧೀಶರಿಂದ ಬಂದುದು. ಹೀಗೆ ಮೊದಲ ಮಿಶನ್ ಮನೆಗಳಲ್ಲಿ ಕೆಲವು ಅಧಿಕಾರಿಗಳ ಬಂಗಲೆಗಳೇ ಆಗಿದ್ದವು. ಹತ್ತೊಂಬತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಮಿಶನ್ ಉಡುಪಿಗೂ ಕಾಲಿರಿಸಿತು. ಇಂದಿಗೂ ‘ಮಿಶನ್ ಕಂಪೌಂಡ್’ ಎಂದು ಕರೆಯುವ ಆ ಆವರಣ ನಿಮಗೆಲ್ಲ ತಿಳಿದದ್ದೇ.

ಬಂಗಲೆ ಎಂಬ ಮಾತೇ ಬಂಗಾಳದಿಂದ ಬಂದದ್ದು. ಬಂಗಾಳದ ಹುಲ್ಲುಮಾಡಿನ ಮನೆಯನ್ನು ಕಂಡ ಇಂಗ್ಲಿಷರು ಅದಕ್ಕೆ ಸುತ್ತಲೂ ಜಗಲಿ ಹಚ್ಚಿ, ನೆಲವನ್ನು ಎತ್ತರಿಸಿ, ತಮ್ಮ ವಾಸಕ್ಕೆ ಒಗ್ಗಿಸಿಕೊಂಡರು. ಹೀಗೆ ನಮ್ಮ ಪಾದ್ರಿ ಬಂಗಲೆಯಲ್ಲಿ ಮೂರು ದೇಶಗಳ ಕೈವಾಡವಿದೆ. ಆಕಾರ ಬಂಗಾಳದ್ದು, ಅಳತೆ ಮತ್ತು ಮರಗೆಲಸದ ಅಭಿರುಚಿ ಯುರೋಪಿನದು, ಕಲ್ಲು ಮಣ್ಣು ಮತ್ತು ಕೈಗಳು ತುಳುನಾಡಿನವು.

ಕಲ್ಲು, ಸುಣ್ಣ, ಮರ, ಹಂಚು

ಬನ್ನಿ, ಅಂಥ ಮನೆಯೊಂದರ ಬಳಿಗೆ ಹೋಗೋಣ. ಮೊದಲು ಗೋಡೆಯನ್ನು ಮುಟ್ಟಿ ನೋಡಿರಿ. ಗಾರೆ ಉದುರಿದಲ್ಲಿ ಕೆಂಪಗೆ ತೂತುತೂತಾಗಿ ಕಾಣುವುದು ನಮ್ಮ ಮುರಕಲ್ಲು. ನೆಲದೊಳಗಿರುವಾಗ ಕತ್ತಿಯಿಂದ ಕಡಿಯುವಷ್ಟು ಮೃದು. ಗಾಳಿಬಿಸಿಲಿಗೆ ಬಂದಮೇಲೆ ಗಟ್ಟಿ. 1800–01ರಲ್ಲಿ ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲತೀನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. 1807ರಲ್ಲಿ ಅಚ್ಚಾದ ಅವನ ಗ್ರಂಥದಿಂದ ಆ ಹೆಸರು ಲೋಕಕ್ಕೆಲ್ಲ ಹಬ್ಬಿತು. ನಮ್ಮ ಅಂಗಳದ ಕಲ್ಲಿಗೆ ವಿಜ್ಞಾನದಲ್ಲಿ ಲತೀನ್ ಹೆಸರು ಬಂದದ್ದು ಹೀಗೆ.

ಕಲ್ಲಿನ ನಡುವಿನ ಗಾರೆ ಕಡಲಿನದು. ಕಾಪುವಿನಂಥ ಕಡಲತಡಿಯ ಊರುಗಳಲ್ಲಿಯೂ ಹೊಳೆಗಳ ಅಳಿವೆಗಳಲ್ಲಿಯೂ ಹೆಕ್ಕಿದ ಚಿಪ್ಪುಗಳನ್ನು ಸುಟ್ಟು ಸುಣ್ಣ ಮಾಡಿ, ಮರಳು ಬೆರೆಸಿ ಅರೆದು, ಬೆಲ್ಲದ ನೀರಿನಲ್ಲಿ ಹದಗೊಳಿಸುವ ವಿದ್ಯೆ ನಮ್ಮ ಗಾರೆಯವರಿಗೆ ಕರಗತವಾಗಿತ್ತು. ಸಿಮೆಂಟಿನಂತೆ ಅದು ಉಸಿರು ಬಿಗಿಹಿಡಿಯುವುದಿಲ್ಲ. ಗೋಡೆಯೊಳಗೆ ಸೇರಿದ ಮಳೆಯ ತೇವವನ್ನು ನಿಧಾನವಾಗಿ ಹೊರಗೆ ಬಿಡುತ್ತದೆ. ಹಳೆಯ ಮನೆಗೆ ಸಿಮೆಂಟು ಬಳಿದು ‘ಗಟ್ಟಿ ಮಾಡಿದೆವು’ ಎಂದು ಸಂತೋಷಪಡುವವರು ಈ ಒಂದು ಮಾತನ್ನು ಗಮನಿಸಬೇಕು. ಒಳಗೆ ಸಿಕ್ಕಿಬಿದ್ದ ತೇವವೇ ಆ ಬಳಿಕ ಮುರಕಲ್ಲನ್ನು ತಿನ್ನುತ್ತದೆ.

ಮೆಟ್ಟಿಲು, ಹೊಸ್ತಿಲು, ಕಂಬದ ಬುಡ ಮುಂತಾದ ಸವೆಯುವ ಜಾಗಗಳಿಗೆ ಮುರಕಲ್ಲು ಸಾಲದು. ಅಲ್ಲಿಗೆ ಕರಿಕಲ್ಲು ಬೇಕು. ಕರಿಕಲ್ಲಿನ ಕೆಲಸವೆಂದರೆ ಕಾರ್ಕಳ. 1432ರಲ್ಲಿ ನಿಂತ 42 ಅಡಿಯ ಗೊಮ್ಮಟನ ಊರಿನಲ್ಲಿ ಉಳಿಯ ಸದ್ದು ಇಂದಿಗೂ ನಿಂತಿಲ್ಲ. ಜೈನ ಅರಸರ ಬಸದಿಗಳಿಗೆ ಕಲ್ಲು ಕಡಿಯುತ್ತ ಬೆಳೆದ ಊರಿನ ಕಸುಬು ಹೀಗೆ ಕ್ರೈಸ್ತ ಗುರುವಿನ ಹೊಸ್ತಿಲಿಗೂ ಒದಗಿತು. ಮರವೆಂದರೆ ಹಲಸು, ತೇಗ, ಬೋಗಿ. ಕೋಣೆಯ ಮೇಲೆ ಹಲಗೆಯ ಅಟ್ಟ, ಅಟ್ಟದ ಮೇಲೆ ತೊಲೆ, ಪಕ್ಕಾಸು, ರೀಪು. ಎಲ್ಲಕ್ಕೂ ಮೇಲೆ ಹಂಚು.

ಈ ಹಂಚಿನ ಕಥೆಯನ್ನು ತುಸು ವಿಸ್ತಾರವಾಗಿ ಹೇಳಬೇಕು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಸೀಮೆ ನಮ್ಮದು. ಹಿಂದೆ ಮಾಡಿಗೆ ಮುಳಿಹುಲ್ಲು ಅಥವಾ ತೆಂಗಿನ ಗರಿ, ಅನುಕೂಲವಿದ್ದವರಿಗೆ ಕುಂಬಾರನ ಅರೆಬಳೆಯ ನಾಡಹಂಚು. ಹುಲ್ಲನ್ನು ವರ್ಷವರ್ಷವೂ ಹೊದಿಸಬೇಕು, ಬೆಂಕಿಯ ಭಯ ಬೇರೆ. 1865ರಲ್ಲಿ ಬಾಸೆಲ್ ಮಿಶನ್ನಿನ ಗಿಯೋರ್ಗ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಬಾಸೆಲ್ ನಗರಕ್ಕೆ ಸಮೀಪದ ಅಲ್ಸಾಸ್ ಸೀಮೆಯಲ್ಲಿ ಗಿಲಾರ್ದೊನಿ ಸಹೋದರರು 1841ರಲ್ಲಿ ರೂಪಿಸಿದ, ಒಂದಕ್ಕೊಂದು ಕಚ್ಚಿಕೊಂಡು ಕೂರುವ ಹಂಚಿನ ಜಾತಿಯದು ಅದು. ನೇತ್ರಾವತಿಯ ಜೇಡಿ ಅದಕ್ಕೆ ಹೇಳಿ ಮಾಡಿಸಿದಂತಿತ್ತು. 1886ರಲ್ಲಿ ಉಡುಪಿಯ ಮಗ್ಗುಲಿನ ಮಲ್ಪೆಯಲ್ಲಿಯೂ ಮಿಶನ್ ಕಾರ್ಖಾನೆ ಆರಂಭವಾಯಿತು. ತಮ್ಮ ಜಾತಿಯನ್ನೂ ಜಮೀನನ್ನೂ ಕಳೆದುಕೊಂಡು ಸಭೆಗೆ ಬಂದವರಿಗೆ ಕೂಲಿ ದೊರಕಲಿ ಎಂಬುದು ಅದರ ಮೊದಲ ಉದ್ದೇಶ. ಕಾಲಕ್ರಮದಲ್ಲಿ ಅದೇ ಹಂಚು ದೇವಾಲಯ, ಮಸೀದಿ, ಗುತ್ತಿನ ಮನೆ, ಶಾಲೆ, ಕಚೇರಿ ಎಂಬ ಭೇದವಿಲ್ಲದೆ ಎಲ್ಲರ ತಲೆಯ ಮೇಲೂ ಕುಳಿತಿತು.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ಮನೆಯ ಹಂಚನ್ನು ತಿರುಗಿಸಿ ನೋಡಿ, ಅದರ ಮೇಲೆ 1865 ಎಂದೋ 1868 ಎಂದೋ ಅಚ್ಚೊತ್ತಿರುವುದನ್ನು ಕಂಡು, ‘ನಮ್ಮ ಗುರುಮನೆ ಆ ವರ್ಷದ್ದು’ ಎಂದು ಸ್ಮರಣ ಸಂಚಿಕೆಯಲ್ಲಿ ಬರೆಯುವವರಿದ್ದಾರೆ. ಹಾಗೆ ಬರೆಯಬಾರದು. ಅದು ಕಾರ್ಖಾನೆ ಸ್ಥಾಪನೆಯಾದ ವರ್ಷ, ವ್ಯಾಪಾರ ಮುದ್ರೆಯ ಭಾಗ. ಅರ್ಧ ಶತಮಾನದ ಬಳಿಕ ಸುಟ್ಟ ಹಂಚಿನ ಮೇಲೂ ಅದೇ ಇಸವಿ ಇರಬಹುದು. ಅಲ್ಲದೆ ಗೋಡೆ ಹಳೆಯದಾಗಿದ್ದು ಮಾಡು ಹೊಸದಾಗಿರುವುದು ಸಾಮಾನ್ಯ. ಹುಲ್ಲು ಹೊದಿಸಿದ್ದ ಮನೆಗೆ ಅನುಕೂಲವಾದಾಗ ಹಂಚು ಬಂದಿರುತ್ತದೆ. ಕಟ್ಟಡದ ವಯಸ್ಸನ್ನು ತಿಳಿಯಲು ಗೋಡೆ, ಮರದ ಜೋಡಣೆ, ಲೆಕ್ಕದ ಪುಸ್ತಕ, ಹಿರಿಯರ ನೆನಪು ಇವೆಲ್ಲವನ್ನೂ ಒಟ್ಟಿಗೆ ಇರಿಸಿ ನೋಡಬೇಕು.

ಜಗಲಿ ಮತ್ತು ದೂರ

ಈಗ ಮೆಟ್ಟಿಲೇರಿ ಜಗಲಿಗೆ ಬನ್ನಿರಿ. ಸೂರು ಕೆಳಗಿಳಿದು ಬಿಸಿಲನ್ನೂ ಇರಿಚಲನ್ನೂ ತಡೆದಿದೆ. ಸೂರಿನ ಅಂಚಿನಲ್ಲಿ ಕೆತ್ತಿದ ಮರದ ಹಲಗೆ. ವಿಕ್ಟೋರಿಯಾ ಕಾಲದ ಯುರೋಪಿನ ಮನೆಗಳಲ್ಲಿ ಅಲಂಕಾರವಾಗಿದ್ದದ್ದು ಇಲ್ಲಿ ಮಳೆಹನಿಯನ್ನು ಹಿಡಿಯುವ ಕೆಲಸಕ್ಕೂ ಬಂತು. ಒಳಗೆ ಎತ್ತರದ ಚಾವಡಿ, ಬಿಸಿಗಾಳಿ ಹೊರಹೋಗಲು ಗೋಡೆಯ ಮೇಲ್ಭಾಗದಲ್ಲಿ ಕಿಂಡಿಗಳು, ಓರೆಪಟ್ಟಿಗಳ ಕಿಟಕಿ ಕದಗಳು. ಅಡುಗೆಮನೆ ಹಿಂದೆ, ಹೊಗೆಯ ಕಾರಣ ತುಸು ದೂರ. ಅದರಾಚೆ ಬಾವಿ.

ಮಿಶನ್ ಬಂಗಲೆಗೂ ಕಥೋಲಿಕ ಗುರುಮನೆಗೂ ಇಲ್ಲೊಂದು ವ್ಯತ್ಯಾಸ ಕಾಣುತ್ತದೆ. ಬಾಸೆಲ್ ಮಿಶನರಿ ಸಂಸಾರಸ್ಥ. ಮದುವೆಗೆ ಬಾಸೆಲಿನ ಸಮಿತಿಯ ಒಪ್ಪಿಗೆ ಬೇಕಾಗಿತ್ತು. ವಧು ಹಡಗಿನಲ್ಲಿ ಬಂದಿಳಿಯುತ್ತಿದ್ದಳು. ಆದುದರಿಂದ ಬಂಗಲೆಯಲ್ಲಿ ಕುಟುಂಬದ ಕೋಣೆಗಳಿದ್ದವು. ಆ ಗೃಹಿಣಿಯರು ಮನೆಯೊಳಗಷ್ಟೇ ಉಳಿಯಲಿಲ್ಲ. ಇಲ್ಲಿಕುನ್ನಿನಲ್ಲಿ ಜೂಲಿ ಗುಂಡರ್ಟ್ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದರು. ಆ ದಂಪತಿಗಳ ಮಗಳು ಮರೀ 1842ರಲ್ಲಿ ಅಲ್ಲಿಯೇ ಜನಿಸಿದಳು. ಅವಳ ಮಗನೇ ಮುಂದೆ ನೊಬೆಲ್ ಪುರಸ್ಕಾರ ಪಡೆದ ಸಾಹಿತಿ ಹರ್ಮನ್ ಹೆಸ್ಸೆ. ನಮ್ಮ ಗುರುಮನೆ ಮಾತ್ರ ಅವಿವಾಹಿತ ಗುರುವಿನದು. ಅಲ್ಲಿ ಕುಟುಂಬದ ಜಾಗದಲ್ಲಿ ಸಹಾಯಕ ಗುರುವಿನ ಕೋಣೆ, ಅತಿಥಿ ಗುರುಗಳ ಕೋಣೆ, ದಫ್ತರದ ಕೋಣೆ. ದೀಕ್ಷಾಸ್ನಾನ, ಮದುವೆ, ಮರಣಗಳ ಪುಸ್ತಕಗಳಿದ್ದ ಆ ಕೋಣೆಯಲ್ಲಿ ಊರಿನ ವಂಶಾವಳಿಯೇ ಅಡಗಿರುತ್ತಿತ್ತು.

ಇಂಗ್ಲೆಂಡಿನ ಪಾದ್ರಿ ಮನೆಯ ಪಕ್ಕದ ಬಾಗಿಲನ್ನು ನೆನೆಯಿರಿ. ನಮ್ಮಲ್ಲಿ ಆ ಕೆಲಸವನ್ನು ಜಗಲಿ ಮಾಡಿತು. ಜಗಲಿ ಮನೆಯ ಒಳಗೂ ಅಲ್ಲ, ಹೊರಗೂ ಅಲ್ಲ. ಗೇಣಿಯ ತಕರಾರು, ಗಂಡಹೆಂಡಿರ ಜಗಳ, ಸಾವಿನ ಸುದ್ದಿ, ಮದುವೆಯ ವಿಚಾರಣೆ ಎಲ್ಲವೂ ಅಲ್ಲಿಗೆ ಬಂದವು. ಮಳೆಗಾಲದಲ್ಲಿ ಅದೇ ಧರ್ಮೋಪದೇಶದ ತರಗತಿ. ಶಾಲೆಯ ಕಟ್ಟಡ ಏಳುವ ಮುನ್ನ ಅದೇ ಶಾಲೆ.

ಆದರೆ ಜಗಲಿಯನ್ನು ಹೊಗಳಿ ಮುಗಿಸಿಬಿಟ್ಟರೆ ಅದು ಅರ್ಧ ಸತ್ಯವಾದೀತು. ಎತ್ತರದ ಗುಡ್ಡ, ಎತ್ತರದ ಪಂಚಾಂಗ, ಏಳೆಂಟು ಮೆಟ್ಟಿಲು. ಮೇಲೆ ಕುರ್ಚಿಯಲ್ಲಿ ಪಾದ್ರಿ, ಕೆಳಗೆ ಅಂಗಳದಲ್ಲಿ ಬಡವ. ಬಂಗಲೆ ಆಳುವವರ ಮನೆಯ ಮಾದರಿಯಾಗಿತ್ತು. ಆ ಮಾದರಿಯೊಡನೆ ದೂರವೂ ಬಂತು. ಯಾರು ಅಂಗಳದಲ್ಲಿ ನಿಲ್ಲಬೇಕು, ಯಾರು ಜಗಲಿಗೆ ಏರಬಹುದು, ಯಾರಿಗೆ ಚಾವಡಿಯಲ್ಲಿ ಕುರ್ಚಿ ಎಂಬ ಲೆಕ್ಕಾಚಾರ ನಮ್ಮ ಗುರುಮನೆಗಳಲ್ಲಿಯೂ ಇತ್ತು. ಜಾತಿಯ ನೆರಳು ಕ್ರೈಸ್ತನ ಮೆಟ್ಟಿಲ ಬಳಿ ನಿಂತುಬಿಡಲಿಲ್ಲ. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದು, ಬಾಸೆಲಿನಲ್ಲಿ ಓದಿ, ಮಿಶನರಿಯಾಗಿಯೇ ಹಿಂತಿರುಗಿದ ಆನಂದರಾವ್ ಕೌಂಡಿನ್ಯರಂಥವರು ವಿರಳ. ಇತರ ದೇಶೀಯ ಉಪದೇಶಕರ ಮನೆಗಳು ಬಂಗಲೆಯ ಆವರಣದಲ್ಲಿಯೇ ಇದ್ದರೂ ಗಾತ್ರದಲ್ಲಿಯೂ ಎತ್ತರದಲ್ಲಿಯೂ ಬೇರೆಯಾಗಿದ್ದವು. ಹಳೆಯ ಮನೆಯನ್ನು ಉಳಿಸಬೇಕೆಂದು ನಾನು ಹೇಳುವಾಗ ಅದರ ಹೆಮ್ಮೆಯನ್ನು ಮಾತ್ರ ಉಳಿಸಿ ಎನ್ನುತ್ತಿಲ್ಲ. ಆ ಮೆಟ್ಟಿಲುಗಳನ್ನು ಎಣಿಸುವುದೂ ಚರಿತ್ರೆಯೇ.

ಮನೆ ಬದಲಾದ ಬಗೆ

1901ರಲ್ಲಿ ವಿಕ್ಟೋರಿಯಾ ರಾಣಿ ತೀರಿಕೊಂಡಳು. ಕಾಪುವಿನ ಕಡಲಬಂಡೆಯ ಮೇಲೆ ದೀಪಸ್ತಂಭ ಎದ್ದದ್ದೂ ಅದೇ ವರ್ಷ. ಅದು ಇಂದಿಗೂ ಉರಿಯುತ್ತಿದೆ, ಪ್ರವಾಸಿಗರು ಅದನ್ನು ಏರಿ ನೋಡುತ್ತಾರೆ. ಅದರ ವಾರಗೆಯ ಪಾದ್ರಿ ಬಂಗಲೆಗಳ ಬಾಳು ಅಷ್ಟು ನೇರವಾಗಿರಲಿಲ್ಲ.

1914ರಲ್ಲಿ ಮಹಾಯುದ್ಧ ಆರಂಭವಾದಾಗ ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿಗಳು ಶತ್ರುದೇಶದವರಾದರು. ಅವರನ್ನು ಬಂಧನದಲ್ಲಿರಿಸಿ ಬಳಿಕ ಸ್ವದೇಶಕ್ಕೆ ಕಳುಹಿಸಲಾಯಿತು. ಹಂಚಿನ ಕಾರ್ಖಾನೆಗಳು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಬಂಗಲೆಗಳು ಬರಿದಾದಾಗ ಸಭೆಯ ಭಾರವನ್ನು ಹೊತ್ತವರು ದೇಶೀಯ ಸಭಾಪಾಲಕರು. ಯಾವ ಮನೆಯ ಮೆಟ್ಟಿಲ ಕೆಳಗೆ ಅವರ ಹಿರಿಯರು ನಿಂತಿದ್ದರೋ ಆ ಮನೆಯ ಹೊಣೆ ಅವರ ಕೈಗೆ ಬಂತು. ಯುದ್ಧದ ಬಳಿಕ ಬಾಸೆಲಿನವರು ಮರಳಿ ಬಂದರಾದರೂ ಹಳೆಯ ಸಂಬಂಧ ಹಾಗೆಯೇ ಮರಳಲಿಲ್ಲ. 1923ರಲ್ಲಿ ಸ್ವಿಸ್ ವೈದ್ಯೆ ಡಾ. ಇವಾ ಲೊಂಬಾರ್ಡ್ ಉಡುಪಿಯಲ್ಲಿ ಆರಂಭಿಸಿದ ಚಿಕಿತ್ಸಾಲಯ ಮುಂದೆ ಮಿಶನ್ ಆಸ್ಪತ್ರೆಯಾಗಿ ಬೆಳೆದು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಎಷ್ಟೋ ಊರುಗಳಲ್ಲಿ ಹಳೆಯ ಪಾದ್ರಿ ಮನೆ ಹೀಗೆಯೇ ಶಾಲೆ, ವಸತಿನಿಲಯ, ಕಚೇರಿ, ಉಗ್ರಾಣ ಎಂದು ಹೊಸ ಹೊಸ ಕೆಲಸಗಳಿಗೆ ಒದಗಿತು. ಇಂಗ್ಲೆಂಡಿನಲ್ಲಿ ಕಳೆದ ಶತಮಾನದಲ್ಲಿ ಸಾಕಲಾರದ ದೊಡ್ಡ ಪಾದ್ರಿ ಮನೆಗಳನ್ನು ಸಾವಿರಗಟ್ಟಲೆ ಮಾರಿದರು; ಅವು ಇಂದು ‘ಹಳೆಯ ಪಾದ್ರಿ ಮನೆ’ ಎಂಬ ಹೆಸರಿನಲ್ಲಿಯೇ ಸಿರಿವಂತರ ವಾಸಸ್ಥಾನಗಳಾಗಿವೆ. ಹೆಸರು ಉಳಿಯಿತು, ಬಾಗಿಲು ತಟ್ಟುವ ಜನ ಬದಲಾದರು. ನಮ್ಮಲ್ಲಿ ಮಾರಾಟಕ್ಕಿಂತ ಕೆಡಹುವುದೇ ಹೆಚ್ಚು.

ನಾನು ಕೆಡವಿದ ಮನೆ

ಈಗ ನನ್ನ ಕಥೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಹಳ್ಳಿಯೊಂದರ ಧರ್ಮಕೇಂದ್ರದಲ್ಲಿ ವಿಚಾರಣಾ ಗುರುವಾಗಿದ್ದೆ. ಗುರುಮನೆ ಹಳೆಯದು. ಮಳೆಗಾಲದಲ್ಲಿ ಏಳೆಂಟು ಕಡೆ ಪಾತ್ರೆ ಇಡಬೇಕಾಗಿತ್ತು. ರೀಪುಗಳಿಗೆ ಗೆದ್ದಲು, ಅಟ್ಟದಲ್ಲಿ ಇಲಿ. ಪಾಲನಾ ಸಮಿತಿ ಕೂಡಿತು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದ ನಮ್ಮ ಯುವಕರು ಉದಾರವಾಗಿ ಹಣ ಕಳುಹಿಸಿದರು. ಒಂದೇ ಸಭೆಯಲ್ಲಿ ತೀರ್ಮಾನವಾಯಿತು. ಒಂದೇ ವಾರದಲ್ಲಿ ಮನೆ ನೆಲಕ್ಕಿಳಿಯಿತು. ಹಂಚೂ ಮರವೂ ಹರಾಜಾದವು. ಹೊಸ ಗುರುಮನೆಯ ಆಶೀರ್ವಾದಕ್ಕೆ ಊರೆಲ್ಲ ಸೇರಿತು. ಛಾಯಾಚಿತ್ರಗಾರ ಹೊಸ ಮನೆಯ ನೂರು ಚಿತ್ರಗಳನ್ನು ತೆಗೆದ. ಹಳೆಯ ಮನೆಯ ಒಂದು ಚಿತ್ರವನ್ನಾದರೂ ತೆಗೆಯಬೇಕೆಂದು ನನಗೂ ಹೊಳೆಯಲಿಲ್ಲ, ಬೇರೆಯವರಿಗೂ ಹೊಳೆಯಲಿಲ್ಲ.

ಒಂದೆರಡು ತಿಂಗಳ ಬಳಿಕ ಬಹಳ ವಯಸ್ಸಾದ ತಾಯಿಯೊಬ್ಬರು ಮೊಮ್ಮಗನ ಕೈ ಹಿಡಿದು ಬಂದರು. ಹೊಸ ಮನೆಯ ಹೊಳೆಯುವ ನೆಲದ ಮೇಲೆ ಕಾಲಿಡಲು ಅಂಜಿ ಹೊರಗೇ ನಿಂತರು. ಬಾಲ್ಯದಲ್ಲಿ ಹಳೆಯ ಜಗಲಿಯಲ್ಲಿ ಕುಳಿತು ಅಕ್ಷರ ಕಲಿತವರಂತೆ ಅವರು. ಅವರ ಕುಟುಂಬ ಒಕ್ಕಲು. ಜಗಲಿಯ ಒಂದು ಮೂಲೆಯ ಕಂಬದವರೆಗೆ ಮಾತ್ರ ಅವರಿಗೆ ಬರಲು ಅವಕಾಶ. ಆ ಕಂಬದ ಬುಡದ ಕಲ್ಲಿನ ಮೇಲೆ ಇದ್ದಲಿನಿಂದ ಅಕ್ಷರ ತಿದ್ದುತ್ತಿದ್ದರಂತೆ. ‘ಆ ಕಂಬ ಎಲ್ಲಿತ್ತು ಫಾದರ್, ಈ ಹುಡುಗನಿಗೆ ತೋರಿಸಬೇಕಿತ್ತು’ ಎಂದು ಕೇಳಿದರು.

ನಾನು ಅಂಗಳದಲ್ಲಿ ಆಚೀಚೆ ನಡೆದೆ. ಇಲ್ಲಿರಬಹುದು, ಅಲ್ಲಿರಬಹುದು ಎಂದೆ. ನನಗೆ ತಿಳಿಯಲಿಲ್ಲ. ಮೂರು ವರ್ಷ ಆ ಮನೆಯಲ್ಲಿ ಮಲಗಿ ಎದ್ದವನಿಗೆ ಅದರ ಕಂಬಗಳೆಷ್ಟು ಎಂಬುದೂ ನೆನಪಿರಲಿಲ್ಲ. ಆ ತಾಯಿ ಬೇಸರಿಸಲಿಲ್ಲ. ‘ಹೋಗಲಿ ಬಿಡಿ, ಹೊಸತು ಚಂದ ಉಂಟು’ ಎಂದು ಹೇಳಿ ಹೊರಟುಹೋದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಯೋಚಿಸಿ ನೋಡಿರಿ. ಆ ಕಂಬ ಅವರ ಅವಮಾನದ ಗಡಿಯೂ ಹೌದು, ಅವರ ಅಕ್ಷರದ ಮೊದಲ ಹಲಗೆಯೂ ಹೌದು. ಎರಡಕ್ಕೂ ಉಳಿದಿದ್ದ ಒಂದೇ ಸಾಕ್ಷಿಯನ್ನು ನಾನು ಹರಾಜು ಹಾಕಿದ್ದೆ.

ನಾವು ಮಾಡಬಹುದಾದುದು

ಎಲ್ಲ ಹಳೆಯ ಮನೆಗಳನ್ನೂ ಉಳಿಸಿಕೊಳ್ಳಲಾಗದು ಎಂಬುದನ್ನು ನಾನು ಬಲ್ಲೆ. ಗುರುಮನೆ ವಸ್ತುಸಂಗ್ರಹಾಲಯವಲ್ಲ. ಸೋರುವ ಮಾಡಿನ ಕೆಳಗೆ ವೃದ್ಧ ಗುರುವೊಬ್ಬರನ್ನು ಇರಿಸಿ ಪರಂಪರೆಯ ಮಾತಾಡುವುದು ನ್ಯಾಯವಲ್ಲ. ಒಳ್ಳೆಯ ಮರಗೆಲಸದವರೂ ಸುಣ್ಣದ ಗಾರೆಯವರೂ ಇಂದು ವಿರಳ. ದುರಸ್ತಿಯ ಖರ್ಚು ಕೆಲವೊಮ್ಮೆ ಹೊಸ ಮನೆಯ ಖರ್ಚನ್ನು ಮೀರುತ್ತದೆ.

ಆದರೂ ಸಮೀಪದಲ್ಲಿಯೇ ದಾರಿ ತೋರಿಸಿದವರಿದ್ದಾರೆ. ಮಣಿಪಾಲದಲ್ಲಿ ಬ್ಯಾಂಕಿನ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈಯವರು ಕೆಡವಲಿದ್ದ ಹಳೆಯ ಮನೆಗಳನ್ನು ಒಂದೊಂದು ತೊಲೆಗ�ೂ ಗುರುತು ಹಾಕಿಸಿ ಬಿಚ್ಚಿಸಿ ತಂದು, ಮತ್ತೆ ಜೋಡಿಸಿ ಹಸ್ತಶಿಲ್ಪದ ಪಾರಂಪರಿಕ ಗ್ರಾಮವನ್ನು ಕಟ್ಟಿದರು. ಚೌಕಿ ಮನೆ, ಅರಮನೆಯ ದರ್ಬಾರು ಹಾಲ್‌ಗಳ ನಡುವೆ ಮಂಗಳೂರಿನ ಕ್ರೈಸ್ತ ಮನೆಯೊಂದೂ ಅಲ್ಲಿದೆ. ಅವರು 2017ರಲ್ಲಿ ತೀರಿಕೊಂಡರು. ಆ ಮನೆಗಳು ನಿಂತಿವೆ. ತಲಶ್ಶೇರಿಯಲ್ಲಿ ಗುಂಡರ್ಟರ ಬಂಗಲೆಯನ್ನು ದುರಸ್ತಿಗೊಳಿಸಿ 2022ರಲ್ಲಿ ಸಂಗ್ರಹಾಲಯವಾಗಿ ತೆರೆದರು. ಬಾಸೆಲ್ ನಗರದ ಮಿಶನ್ ದಫ್ತರಖಾನೆಯಲ್ಲಿ ನಮ್ಮ ಕರಾವಳಿಯ ಹಳೆಯ ಮಿಶನ್ ಕಟ್ಟಡಗಳ ಛಾಯಾಚಿತ್ರಗಳು ಜೋಪಾನವಾಗಿವೆ. ಏಳು ಸಮುದ್ರದಾಚೆ ಇರಿಸಿಕೊಂಡಿರುವ ನೆನಪನ್ನು ನಮ್ಮ ಅಂಗಳದಲ್ಲಿ ನಾವು ಇರಿಸಿಕೊಳ್ಳಲಾರೆವೇ?

ಆದುದರಿಂದ, ಪ್ರಿಯ ವಾಚಕರೇ, ನಿಮ್ಮಲ್ಲಿ ನನ್ನ ಬಿನ್ನಹ ಚಿಕ್ಕದು. ನಿಮ್ಮ ಧರ್ಮಕೇಂದ್ರದ ಹಳೆಯ ಗುರುಮನೆಯ ಪ್ರಶ್ನೆ ಪಾಲನಾ ಸಮಿತಿಯ ಮುಂದೆ ಬಂದಾಗ ಒಂದೇ ಸಭೆಯಲ್ಲಿ ತೀರ್ಮಾನಿಸಬೇಡಿರಿ. ಮೊದಲು ಹಳೆಯ ಕಟ್ಟಡವನ್ನು ಬಲ್ಲ ಒಬ್ಬ ಬಡಗಿಯನ್ನೂ ಒಬ್ಬ ಇಂಜಿನಿಯರನ್ನೂ ಕರೆಸಿ ತೋರಿಸಿರಿ; ಕೊಳೆತಿರುವುದು ಮಾಡು ಮಾತ್ರವೋ ಗೋಡೆಯೋ ಎಂದು ತಿಳಿಯಿರಿ. ಗೋಡೆ ಗಟ್ಟಿಯಿದ್ದರೆ ಮಾಡನ್ನು ಬದಲಿಸಿದರೆ ಸಾಕಾದೀತು. ಕೆಡಹುವುದೇ ಅನಿವಾರ್ಯವಾದರೆ ನಿಮ್ಮ ಯುವಜನರ ಕೈಗೆ ಅಳತೆಯ ಪಟ್ಟಿ ಕೊಡಿರಿ. ಕೋಣೆಕೋಣೆಯ ಉದ್ದಗಲ, ಬಾಗಿಲು ಕಿಟಕಿಗಳ ಸ್ಥಾನ, ಕಂಬಗಳ ಸಂಖ್ಯೆ, ಮೆಟ್ಟಿಲುಗಳ ಎತ್ತರವನ್ನು ಅವರು ಕಾಗದದ ಮೇಲೆ ಇಳಿಸಲಿ. ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮೆರಾ ಇದೆ. ನನಗಿದ್ದ ನೆಪ ಅವರಿಗಿಲ್ಲ. ಬಳಿಕ ಊರಿನ ಹಿರಿಯರನ್ನು ಒಬ್ಬೊಬ್ಬರಾಗಿ ಆ ಮನೆಗೆ ಕರೆತನ್ನಿ. ಒಳಗೆ ಕುಳಿತವರನ್ನೂ ಕೇಳಿರಿ, ಅಂಗಳದಲ್ಲಿ ನಿಂತವರನ್ನೂ ಕೇಳಿರಿ. ಅವರು ಯಾವ ಮೂಲೆಯನ್ನು ತೋರಿಸುತ್ತಾರೋ ಅದನ್ನು ನಕ್ಷೆಯ ಮೇಲೆ ಗುರುತು ಮಾಡಿರಿ. ಅಳತೆಯ ಕಾಗದಗಳನ್ನು ದೀಕ್ಷಾಸ್ನಾನದ ಪುಸ್ತಕಗಳ ಜೊತೆಗೇ ಇರಿಸಿರಿ.

ಗುರುಗಳು ವರ್ಗವಾಗಿ ಹೋಗುತ್ತಾರೆ. ನನ್ನಂಥವರು ಐದಾರು ವರ್ಷ ಇದ್ದು, ಪೆಟ್ಟಿಗೆ ಕಟ್ಟಿ, ಮುಂದಿನ ಊರಿಗೆ ಹೊರಡುವವರು. ಆ ಮನೆ ನಿಜವಾಗಿ ಯಾರದು ಎಂದು ಕೇಳಿದರೆ, ಅದರ ಕಲ್ಲು ಹೊತ್ತವರದು, ಅದರ ಬಾಗಿಲು ತಟ್ಟಿದವರದು, ಅದರ ಜಗಲಿಯಲ್ಲಿ ಮಳೆ ನಿಲ್ಲುವವರೆಗೆ ಕಾದವರದು. ಅವರನ್ನು ಕೇಳದೆ ಅದನ್ನು ಕೆಡಹುವ ಅಧಿಕಾರ ನನಗಿರಲಿಲ್ಲವೆಂದು ಇಂದು ನನಗೆ ಅನ್ನಿಸುತ್ತದೆ.

ಈಗ ನಾನಿರುವ ಗುರುಮನೆಯ ಜಗಲಿಯಲ್ಲಿ ಹನ್ನೊಂದು ಕಂಬಗಳಿವೆ. ಬಂದ ಮೊದಲ ದಿನವೇ ಎಣಿಸಿದೆ.